ಕುರ್ಚಿಯಿಂದ ಏಳುವ ವಿದ್ಯೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮಂಥವರ ಮನೆಗಳಿಗೆ ತಂದೆತಾಯಿಗಳು ಬರುವುದು ಬಹಳ ತಡವಾಗಿ. ಮೊದಲು ನಾವು ಬರುತ್ತೇವೆ. ಆಮೇಲೆ ಹೆಂಡತಿ, ಮಕ್ಕಳು, ಗ್ಯಾಸಿನ ಒಲೆ, ಕಪಾಟು, ಟೀವಿ ಎಲ್ಲ ಬರುತ್ತವೆ. ಊರಿನಲ್ಲಿ ಉಳಿದ ಇಬ್ಬರು ಹಿರಿಯರಲ್ಲಿ ಒಬ್ಬರು ಕಣ್ಮುಚ್ಚಿದ ಮೇಲೆ, ಇನ್ನೊಬ್ಬರು ಒಂದು ಟ್ರಂಕು, ಒಂದು ಗಂಟು, ಒಂದು ದೇವರ ಪೆಟ್ಟಿಗೆಯೊಡನೆ ನಮ್ಮ ಬಾಡಿಗೆ ಮನೆಗೋ ಫ್ಲ್ಯಾಟಿಗೋ ಬಂದು ಸೇರುತ್ತಾರೆ. ಆ ವೇಳೆಗೆ ಅವರಿಗೆ ಎಪ್ಪತ್ತು ದಾಟಿರುತ್ತದೆ.

ಊರಿನಲ್ಲಿದ್ದಾಗ ಅವರಿಗೆ ವ್ಯಾಯಾಮವೆಂಬ ಮಾತೇ ಬೇಕಿರಲಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸಬೇಕು, ಬಗ್ಗಿ ರಂಗೋಲಿ ಹಾಕಬೇಕು, ನಲ್ಲಿಯಿಂದ ಕೊಡ ಹೊತ್ತು ತರಬೇಕು, ನೆಲಕ್ಕೆ ಕೂತು ರೊಟ್ಟಿ ಬಡಿಯಬೇಕು, ನಡುನಡುವೆ ಉಪ್ಪಿಗೆಂದು ಒಮ್ಮೆ, ನೀರಿಗೆಂದು ಒಮ್ಮೆ ಏಳಬೇಕು. ದಿನಕ್ಕೆ ಐವತ್ತು ಸಲ ಕೂತು ಎದ್ದರೂ ಯಾರೂ ಎಣಿಸುತ್ತಿರಲಿಲ್ಲ. ನಮ್ಮಲ್ಲಿಗೆ ಬಂದ ಮೇಲೆ ಇದೆಲ್ಲ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಗುಡಿಸಲು ಅಂಗಳವಿಲ್ಲ. ನೆರೆಮನೆಯವರ ಭಾಷೆ ಸರಿಯಾಗಿ ತಿಳಿಯದು, ಆದ್ದರಿಂದ ಹೊರಗೆ ಹೋಗುವುದೂ ಇಲ್ಲ. ಸೊಸೆ ಪ್ರೀತಿಯಿಂದಲೇ "ನೀವು ಕೂಡ್ರಿ ಅತ್ತಿ, ನಾ ತರತೀನಿ" ಎನ್ನುತ್ತಾಳೆ. ಹಿರಿಯರನ್ನು ಕೂರಿಸಿ ಉಪಚರಿಸುವುದು ನಮ್ಮಲ್ಲಿ ಗೌರವದ ಲಕ್ಷಣ. ಆ ಗೌರವದಲ್ಲಿ ಕೊರತೆಯೇನೂ ಇಲ್ಲ. ಆದರೆ ತೊಡೆಯ ಸ್ನಾಯುಗಳಿಗೆ ಗೌರವ ತಿಳಿಯದು. ಅವಕ್ಕೆ ತಿಳಿಯುವುದು ಕೆಲಸವೊಂದೇ. ಕೆಲಸ ತಪ್ಪಿದ ಕೂಡಲೇ ಅವು ಕರಗತೊಡಗುತ್ತವೆ.

ಈ ವಿಷಯವಾಗಿ ನಾಲ್ಕು ಮಾತು ಬರೆಯಲು ನಾನು ವೈದ್ಯನಲ್ಲ, ವ್ಯಾಯಾಮ ಶಿಕ್ಷಕನೂ ಅಲ್ಲ. ಕೇಂದ್ರ ಸರಕಾರದ ಅಂಚೆ ಇಲಾಖೆಯಲ್ಲಿ ಒಬ್ಬ ಗುಮಾಸ್ತೆ. ಎಂದೋ ಬಿ.ಎಸ್‌ಸಿ. ಮಾಡಿದ್ದರಿಂದ ಏನನ್ನು ಕೇಳಿದರೂ ಅದರ ಕಾರಣ ಹುಡುಕುವ ಚಟ ಮಾತ್ರ ಉಳಿದಿದೆ. ಈಗ ನಾನಿರುವುದು ನಾಸಿಕ ಜಿಲ್ಲೆಯ ಸಟಾಣಾದಲ್ಲಿ. ಬಾಗಲಾಣ ತಾಲೂಕಿನ ಮುಖ್ಯ ಸ್ಥಳ. ಆರಂ ನದಿಯ ದಂಡೆ. ಸುತ್ತ ಈರುಳ್ಳಿ, ದಾಳಿಂಬೆ. ಸರಕಾರಿ ನೌಕರನೊಬ್ಬನಿಗೆ ಗುಡಿ ಕಟ್ಟಿ ಪೂಜಿಸುವ ಊರು ಇದು ಎಂದರೆ ನಮ್ಮ ಸಂಘದ ಸದಸ್ಯರಿಗೆ ಆಶ್ಚರ್ಯವಾದೀತು. ಯಶವಂತ ಮಹಾದೇವ ಭೋಸೇಕರ ಎಂಬವರು ಇಲ್ಲಿ ಮಾಮಲೇದಾರರಾಗಿದ್ದರು. 1870ರ ಹೊತ್ತಿನ ಬರಗಾಲದಲ್ಲಿ ಸರಕಾರಿ ಖಜಾನೆಯ ಹಣವನ್ನೇ ಹಸಿದವರಿಗೆ ಹಂಚಿದರೆಂದು ಜನ ಅವರನ್ನು ದೇವ ಮಾಮಲೇದಾರ ಎಂದು ಕರೆದರು. 1887ರಲ್ಲಿ ಅವರು ತೀರಿಕೊಂಡರು. ಇಂದಿಗೂ ಮಾರ್ಗಶಿರದಲ್ಲಿ ಅವರ ಹೆಸರಿನ ಜಾತ್ರೆ ನಡೆಯುತ್ತದೆ. ಕನ್ನಡದ ಮನೆಗಳನ್ನು ಮಾತ್ರ ಇಲ್ಲಿ ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಅಂಚೆ ಕಚೇರಿಯ ಕೌಂಟರಿನ ಈಚೆ ಕೂತವನಿಗೆ ಮುದುಕರ ಕಾಲುಗಳ ಪರಿಚಯ ಚೆನ್ನಾಗಿ ಆಗುತ್ತದೆ. ಬಡ್ಡಿ ತೆಗೆಯಲು, ಪಿಂಚಣಿಗೆ, ಪಾಸ್‌ಬುಕ್ಕು ಬರೆಸಲು ಬರುವವರು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾರೆ. ಹೆಸರು ಕರೆದಾಗ ಒಬ್ಬರು ಥಟ್ಟನೆ ಏಳುತ್ತಾರೆ. ಇನ್ನೊಬ್ಬರು ಎರಡು ಕೈಗಳನ್ನೂ ತೊಡೆಯ ಮೇಲೆ ಊರಿ, ಮುಂದಕ್ಕೂ ಹಿಂದಕ್ಕೂ ತೂಗಿ, ಮೂರನೆಯ ಸಲಕ್ಕೆ ಏಳುತ್ತಾರೆ. ಮತ್ತೊಬ್ಬರನ್ನು ಮಗನೋ ಮೊಮ್ಮಗನೋ ಕಂಕುಳಲ್ಲಿ ಕೈಹಾಕಿ ಎತ್ತುತ್ತಾನೆ. ವಯಸ್ಸಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಯೌವನದಲ್ಲಿ ಸಾಲ್ಹೇರ ಕೋಟೆ ಹತ್ತಿದ್ದೆನೆಂದು ಹೇಳುವವರುಂಟು. ಆ ಕೋಟೆ ಈ ತಾಲೂಕಿನದೇ, 1567 ಮೀಟರ್ ಎತ್ತರ. ಹಾಗೆ ಹೇಳುವವರಲ್ಲೇ ಒಬ್ಬರು ಎಪ್ಪತ್ತಕ್ಕೆ ಬೆಂಚು ಬಿಟ್ಟೇಳಲಾರರು. ಎಂಬತ್ತೈದರ ತೋಟಗಾರ ಅಜ್ಜ ಕೌಂಟರಿಗೆ ಬಂದು ನನ್ನನ್ನೇ ಗದರಿಸಿ ಹೋಗುತ್ತಾರೆ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣ ಕೊಡಬೇಕಷ್ಟೆ. 2014ರಲ್ಲಿ 'ಜೀವನ ಪ್ರಮಾಣ' ಎಂಬ ಗಣಕೀಕೃತ ಏರ್ಪಾಡು ಬಂತು. 2020ರಿಂದ ಅಂಚೆಯವನೇ ಮನೆಗೆ ಬಂದು ಅದನ್ನು ಮಾಡಿಕೊಡುವ ಸೌಕರ್ಯವೂ ಆಯಿತು. ಬಹಳ ಒಳ್ಳೆಯದೇ. ಬದುಕಿರುವುದಕ್ಕೆ ಪ್ರಮಾಣ ಈಗ ಕೂತಲ್ಲೇ ಸಿಗುತ್ತದೆ. ಆದರೆ ಬಚ್ಚಲಿಗೆ ಹೋಗಿ ಬರುವುದನ್ನು ಯಾವ ಇಲಾಖೆಯೂ ಕೂತಲ್ಲಿಗೆ ತಂದುಕೊಡಲಾರದು.

ನನ್ನ ಅವ್ವನ ಸಂಗತಿ ಹೇಳುತ್ತೇನೆ. ನಮ್ಮದು ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಕಡೆಯ ಹಳ್ಳಿ. 2021ರಲ್ಲಿ ಅಪ್ಪ ಹೋದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಮೊಣಕಾಲಿನ ಸಂಧಿ ಸವೆದಿದೆಯೆಂದು ಮೊದಲೇ ಹೇಳಿದ್ದರು. ಆದರೂ ಕೋಲು ಹಿಡಿದು ಓಡಾಡಿಕೊಂಡಿದ್ದಳು. 2023ರ ಮಳೆಗಾಲದಲ್ಲಿ ಜ್ವರ ಬಂದು ಎರಡು ವಾರ ಹಾಸಿಗೆ ಹಿಡಿದಳು. ಜ್ವರ ಬಿಟ್ಟಿತು, ಆದರೆ ಕಾಲು ಮರಳಿ ಬರಲಿಲ್ಲ. ಕುರ್ಚಿಯಿಂದ ಏಳಲು ಒಬ್ಬರು ಬೇಕು, ಪಾಯಖಾನೆಯಿಂದ ಏಳಿಸಲು ಇಬ್ಬರು ಬೇಕು. ಆಗ ಅವಳಿಗೆ 74.

ಕೆಲವು ದಿನಗಳ ಮೇಲೆ ನನ್ನ ಹೆಂಡತಿ ಒಂದು ಸಂಗತಿ ಗಮನಿಸಿದಳು. ಸಂಜೆ ನಾಲ್ಕು ಗಂಟೆಯ ಮೇಲೆ ಅವ್ವ ನೀರು ಕುಡಿಯುತ್ತಿರಲಿಲ್ಲ, ಚಹವನ್ನೂ ಬೇಡವೆನ್ನುತ್ತಿದ್ದಳು. ರಾತ್ರಿ ಏಳಬೇಕಾದೀತು, ಮಗನನ್ನು ಎಬ್ಬಿಸಬೇಕಾದೀತು ಎಂಬ ಸಂಕೋಚ. ಕೇಳಿದಾಗ ಮುಖ ತಿರುಗಿಸಿಕೊಂಡು, "ಮಗನ ಕೈಲೆ ಇದನ್ನೆಲ್ಲ ಮಾಡಿಸ್ಕೊಳ್ಳೂದು ಬ್ಯಾಡಪಾ. ನನ್ನ ಊರಿಗೆ ಒಯ್ದ ಬಿಡು" ಎಂದಳು. ಊರಿಗೆ ಹೋಗಬೇಕಾದರೆ ಮನಮಾಡದಲ್ಲಿ ರೈಲು ಹತ್ತಬೇಕು. ರೈಲಿನ ಮೆಟ್ಟಿಲ ಎತ್ತರ ನೆನೆದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನೋವಿಗೆ ಗುಳಿಗೆಯುಂಟು. ಮಾನಕ್ಕೆ ಗುಳಿಗೆಯಿಲ್ಲ. ವೃದ್ಧರ ಕಾಲಿನ ಬಲವೆಂಬುದು ಆರೋಗ್ಯದ ಮಾತಷ್ಟೇ ಅಲ್ಲ, ಅವರ ಮಾನದ ಮಾತೂ ಹೌದು.

ವೈದ್ಯರ ಸಲಹೆಯ ಮೇರೆಗೆ ಮಾಲೇಗಾಂವದ ಒಬ್ಬ ಫಿಸಿಯೋಥೆರಪಿ ತಜ್ಞೆಯ ಬಳಿಗೆ ಕರೆದೊಯ್ದೆವು. ಮೂವತ್ತು ತುಂಬದ ಹುಡುಗಿ. ಯಂತ್ರ, ದೀಪ, ಬಿಸಿಶಾಖ ಏನಾದರೂ ಇರಬಹುದೆಂದು ಅವ್ವ ಎದುರು ನೋಡುತ್ತಿದ್ದಳು. ಆಕೆ ಗೋಡೆಗೆ ಒಂದು ಮರದ ಕುರ್ಚಿ ತಾಗಿಸಿಟ್ಟು, "ಆಜೀ, ಕೈಗಳನ್ನು ಎದೆಗೆ ಕಟ್ಟಿಕೊಂಡು ಇದರಿಂದ ಏಳಿ, ಕೂಡಿ. ಅರ್ಧ ನಿಮಿಷದಲ್ಲಿ ಎಷ್ಟು ಸಲ ಆಗುತ್ತದೋ ನೋಡೋಣ" ಎಂದಳು. ಅವ್ವನಿಗೆ ಒಂದು ಸಲವೂ ಆಗಲಿಲ್ಲ. ಆಕೆ ಕಾಗದದ ಮೇಲೆ ಸೊನ್ನೆ ಬರೆದಳು.

ಇದು ಲೋಕವೆಲ್ಲ ಬಳಸುವ ಪರೀಕ್ಷೆ. ಅಮೆರಿಕದ ರಿಕ್ಲಿ ಮತ್ತು ಜೋನ್ಸ್ ಎಂಬಿಬ್ಬರು 1999ರ ಸುಮಾರಿಗೆ ರೂಢಿಗೆ ತಂದದ್ದು. ಕುರ್ಚಿಯ ಎತ್ತರ 17 ಅಂಗುಲ, ಎಂದರೆ ಸುಮಾರು 43 ಸೆಂಟಿಮೀಟರ್. ಕೈ ಊರಿದರೆ ಲೆಕ್ಕ ಸೊನ್ನೆ. 60ರಿಂದ 64ರ ಗಂಡಸು ಅರ್ಧ ನಿಮಿಷದಲ್ಲಿ 14ಕ್ಕಿಂತ, ಹೆಂಗಸು 12ಕ್ಕಿಂತ ಕಡಿಮೆ ಎದ್ದರೆ ಸರಾಸರಿಗಿಂತ ಕೆಳಗೆ ಎಂದು ಅರ್ಥ. 70ರಿಂದ 74ರವರಿಗೆ ಈ ಗೆರೆ ಗಂಡಸರಿಗೆ 12, ಹೆಂಗಸರಿಗೆ 10. 80ರಿಂದ 84ರವರಿಗೆ 10 ಮತ್ತು 9. ಗೆರೆಗಿಂತ ಕೆಳಗಿರುವವರು ಬೀಳುವ ಸಂಭವ ಹೆಚ್ಚು. ವಾಚಕರು ಮನೆಯಲ್ಲಿ, ಪಕ್ಕದಲ್ಲಿ ಒಬ್ಬರು ನಿಂತು, ಇದನ್ನು ಮಾಡಿ ನೋಡಬಹುದು. ನಲವತ್ತು ದಾಟಿದ ನಾವೂ ಮಾಡಿ ನೋಡಿದರೆ ಕೆಲವರಿಗೆ ಬಿಸಿ ಮುಟ್ಟೀತು.

ಎರಡೇ ವಾರದ ಜ್ವರಕ್ಕೆ ಇಷ್ಟೇಕೆ ಆಯಿತು ಎಂದು ನಾನು ಕೇಳಿದೆ. ಆಕೆ ಹೇಳಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. ಐವತ್ತರ ಮೇಲೆ ಸ್ನಾಯುವಿನ ಗಾತ್ರ ವರ್ಷಕ್ಕೆ ಶೇಕಡಾ ಒಂದರಷ್ಟೋ ಎರಡರಷ್ಟೋ ಇಳಿಯುತ್ತ ಹೋಗುತ್ತದೆ. ಬಲ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. 1989ರಲ್ಲಿ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಇದಕ್ಕೆ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಹಾಸಿಗೆ ಹಿಡಿದರೆ ಈ ಇಳಿತ ಧುಮುಕುತ್ತದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸರಾಸರಿ 67 ವರ್ಷದ ಹನ್ನೆರಡು ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದರು. ಕಾಯಿಲೆ ಏನೂ ಇಲ್ಲದೆಯೇ ಅವರ ಕಾಲುಗಳಿಂದ ಸರಾಸರಿ ಒಂದು ಕಿಲೋದಷ್ಟು ಮಾಂಸ ಕರಗಿತ್ತು. ಅವ್ವನಿಗೆ ಜ್ವರವೂ ಇತ್ತು, ಊಟವೂ ಸೇರುತ್ತಿರಲಿಲ್ಲ. ಕರಗುವ ಎಳೆಗಳಲ್ಲಿ ಮೊದಲನೆಯವು ಚುರುಕಿನ ಎಳೆಗಳು. ಕಾಲು ಜಾರಿದಾಗ ಥಟ್ಟನೆ ಸಾವರಿಸಿಕೊಳ್ಳಲು ಬೇಕಾದವೂ ಅವೇ.

ಹಾಗಾದರೆ ಈ ವಯಸ್ಸಿನಲ್ಲಿ ಹೋದದ್ದು ಮರಳಿ ಬರುತ್ತದೆಯೇ? ಬರುತ್ತದೆ. 1990ರಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಬಾಸ್ಟನ್ನಿನ ವೃದ್ಧರ ಆಸ್ಪತ್ರೆಯೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯು ಶೇಕಡಾ 9ರಷ್ಟು ಬೆಳೆಯಿತು. ಸ್ನಾಯು ಸ್ವಲ್ಪ, ಬಲ ಬಹಳ. ಇದರ ಗುಟ್ಟು ನರಗಳಲ್ಲಿದೆ. ಮಲಗಿದ್ದ ಎಳೆಗಳನ್ನು ಕೆಲಸಕ್ಕೆ ಕರೆಯುವುದನ್ನು ನರಗಳು ಮೊದಲ ಕೆಲವೇ ವಾರಗಳಲ್ಲಿ ಕಲಿತುಬಿಡುತ್ತವೆ; ಮಾಂಸ ಕೂಡುವುದು ಆಮೇಲೆ. 1994ರಲ್ಲಿ ಅದೇ ಗುಂಪು ನೂರು ಮಂದಿ ವೃದ್ಧರ ಮೇಲೆ ಮತ್ತೆ ಪ್ರಯೋಗ ಮಾಡಿತು. ಪುಷ್ಟಿಯ ಪೇಯ ಮಾತ್ರ ಕುಡಿದವರಿಗೆ ಬಲ ಬರಲಿಲ್ಲ; ವ್ಯಾಯಾಮ ಮಾಡಿದವರಿಗೆ ಬಂತು. ಡಬ್ಬದ ಪುಡಿಗಳಿಗೆ ದುಡ್ಡು ಸುರಿಯುವವರು ಇದನ್ನು ಗಮನಿಸಬೇಕು. ಅವರು ಎತ್ತಿಸಿದ್ದು ದೊಡ್ಡ ಭಾರ, ತಜ್ಞರ ಕಣ್ಗಾವಲಿನಲ್ಲಿ. ಮನೆಯಲ್ಲಿ ನಮಗೆ ಅಷ್ಟು ಬೇಡ. ಏಳಲಾರದವರಿಗೆ ತಮ್ಮ ಶರೀರವೇ ಸಾಕಷ್ಟು ಭಾರ.

ಆ ಹುಡುಗಿ ಅವ್ವನಿಗೆ ದಿನಕ್ಕೆ ಹತ್ತು ನಿಮಿಷದ ಪಾಠ ಬರೆದುಕೊಟ್ಟಳು. ಬೇರೆಯವರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು, ಕುರ್ಚಿಯಿಂದ ಏಳುವುದು. ಕುರ್ಚಿ ಗಟ್ಟಿಯಾಗಿರಬೇಕು, ಕೈಯಿರಬೇಕು, ಹಿಂಬದಿ ಗೋಡೆಗೆ ತಾಗಿರಬೇಕು. ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡ, ಗಾಲಿ ಇರುವುದಂತೂ ಬೇಡವೇ ಬೇಡ. ತುದಿಗೆ ಸರಿದು ಕೂತು, ಪಾದಗಳನ್ನು ಸ್ವಲ್ಪ ಅಗಲಿಸಿ ಹಿಂದಕ್ಕೆಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಇದರಲ್ಲಿ ಬರಿಯ ಭೌತಶಾಸ್ತ್ರವಿದೆ. ನೆಟ್ಟಗೆ ಕೂತವರ ಗುರುತ್ವಕೇಂದ್ರ ಕುರ್ಚಿಯ ಮೇಲಿರುತ್ತದೆ. ಅದು ಪಾದಗಳ ಮೇಲಕ್ಕೆ ಬಾರದೆ ಯಾವ ಪೈಲವಾನನೂ ಏಳಲಾರ. ಮುದುಕರು ಮುಂದೆ ಬಿದ್ದೇನೆಂಬ ಹೆದರಿಕೆಯಿಂದ ಹಿಂದಕ್ಕೆ ವಾಲುತ್ತಾರೆ; ಅರ್ಧ ತೊಂದರೆ ಅಲ್ಲಿಯೇ ಇದೆ. ಆಗದಿದ್ದರೆ ಕುರ್ಚಿಯ ಮೇಲೆ ಒಂದು ಗಟ್ಟಿ ದಿಂಬು ಹಾಕಿ ಎತ್ತರ ಮಾಡಬೇಕು, ಮೊದಮೊದಲು ಕೈ ಊರಬೇಕು. ಕೂರುವಾಗ ಧೊಪ್ಪನೆ ಬೀಳದೆ, ಬಾಯಲ್ಲಿ ನಾಲ್ಕು ಎಣಿಸುತ್ತ ನಿಧಾನವಾಗಿ ಇಳಿಯಬೇಕು. ಇಳಿಯುವಾಗಲೂ ತೊಡೆಗೆ ಅಷ್ಟೇ ಕೆಲಸ. ಐದು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಐದು ಸಲ.

ಎರಡನೆಯದು, ಕೂತಲ್ಲೇ ಒಂದು ಕಾಲನ್ನು ಮೊಣಕಾಲಿನಿಂದ ನೇರವಾಗಿ ಮುಂದಕ್ಕೆ ನೀಡಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸುವುದು. ಒಂದೊಂದು ಕಾಲಿಗೆ ಎಂಟರಿಂದ ಹತ್ತು ಸಲ. ಮೂರನೆಯದು, ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು ನಿಂತು, ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ. ನಾಲ್ಕನೆಯದು, ಗೋಡೆಯಿಂದ ಒಂದು ತೋಳಿನ ದೂರ ನಿಂತು, ಅಂಗೈಗಳನ್ನು ಗೋಡೆಗೊತ್ತಿ, ಮೊಣಕೈ ಮಡಿಸಿ ಮುಂದೆ ಬಂದು ಮತ್ತೆ ತಳ್ಳುವುದು. ಗೋಡೆಯ ಮೇಲೆ ತೆಗೆಯುವ ದಂಡವೆನ್ನಿ. ಏಳುವಾಗ ಕುರ್ಚಿಯ ಕೈ ಒತ್ತಲು ಈ ತೋಳಿನ ಬಲ ಬೇಕು. ಐದನೆಯದು, ಕಟ್ಟೆ ಹಿಡಿದುಕೊಂಡೇ ಒಂದು ಪಾದವನ್ನು ಇನ್ನೊಂದರ ಮುಂದೆ, ಹಿಮ್ಮಡಿಗೆ ಬೆರಳು ಹತ್ತಿರವಾಗುವಂತೆ ಇಟ್ಟು ಹತ್ತು ಎಣಿಸುವುದು. ಇದು ಸಮತೋಲಕ್ಕೆ. ಕೈಗೆ ಭಾರ ಬೇಕೆನ್ನುವವರು ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿಯಲಿ. ಅರ್ಧ ಲೀಟರು ನೀರೆಂದರೆ ಅರ್ಧ ಕಿಲೋ, ಬೇರೆ ತಕ್ಕಡಿ ಬೇಡ.

ನಿಲ್ಲಲೂ ಆಗದವರಿಗೆ ಹಾಸಿಗೆಯಲ್ಲೇ ಪಾಠವುಂಟು. ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ಲಿಟ್ಟು ಅದನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು. ಮೊಣಕಾಲು ಮಡಿಸಿ ಮಲಗಿ ಸೊಂಟ ಸ್ವಲ್ಪ ಎತ್ತುವುದು.

ಎಚ್ಚರಿಕೆಗಳನ್ನೂ ಆಕೆ ಅಷ್ಟೇ ಸ್ಪಷ್ಟವಾಗಿ ಹೇಳಿದಳು. ಉಸಿರು ಬಿಗಿಹಿಡಿಯಬಾರದು, ರಕ್ತದೊತ್ತಡ ಏರುತ್ತದೆ. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ. ಎದೆ ನೋವು, ತಲೆ ಸುತ್ತು, ವಿಪರೀತ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಈಚಿನ ಶಸ್ತ್ರಚಿಕಿತ್ಸೆ, ಮೂಳೆ ಮುರಿತ ಇರುವವರು ಮೊದಲು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಎದ್ದು ನಿಂತ ಮೇಲೆ ಕ್ಷಣಕಾಲ ಅಲ್ಲೇ ನಿಂತು ಆಮೇಲೆ ಹೆಜ್ಜೆ ಇಡಬೇಕು. ಮರುದಿನ ತೊಡೆ ನೋಯುವುದು ಸಹಜ. ಕೀಲಿನೊಳಗೆ ಚುಚ್ಚಿದಂತಾದರೆ ಎಣಿಕೆ ಇಳಿಸಬೇಕು. ಏಳಿಸುವವರು ತೋಳು ಹಿಡಿದು ಜಗ್ಗಬಾರದು, ಭುಜದ ಕೀಲು ತಪ್ಪೀತು; ಪಕ್ಕದಲ್ಲಿ ನಿಂತು ಸೊಂಟದ ಬಳಿ ಆಸರೆ ಕೊಡಬೇಕು. ಊಟದಲ್ಲಿ ಬೇಳೆ, ಕಾಳು, ಮಜ್ಜಿಗೆ, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ, ದಿನವೂ ಇರಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಬೇಕು. ಚಹದಲ್ಲಿ ಅದ್ದಿದ ಎರಡು ಬಿಸ್ಕತ್ತು ಊಟವಲ್ಲ.

ಗಣೇಶ ಚೌತಿ ಕಳೆದ ವಾರ ಮನೆಯಲ್ಲಿ ಪಾಠ ಶುರುವಾಯಿತು. ಬೆಳಿಗ್ಗೆ ಹತ್ತಕ್ಕೆ ಮುಂಚೆ ನಾನು ಕಚೇರಿಗೆ ಹೊರಡಬೇಕಾದ್ದರಿಂದ ಎಂಟು ಗಂಟೆಯ ಹೊತ್ತು ಗೊತ್ತುಮಾಡಿದೆವು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅವ್ವ ಎದ್ದ ಲೆಕ್ಕವನ್ನೂ ಬರೆಯತೊಡಗಿದೆ. ಮೊದಲ ಹತ್ತು ದಿನ ಅವಳ ಬೈಗುಳವೇ ಹೆಚ್ಚು. "ಎಪ್ಪತ್ತನಾಕ ವರ್ಷದ ಮುದುಕಿಗೆ ಬಸ್ಕಿ ಹೊಡಸ್ತಾನ ನೋಡ್ರಿ ನನ್ನ ಮಗ. ಸಾಲಿ ಮಾಸ್ತರ ಆಗಬೇಕಿತ್ತು ಇಂವಾ" ಎಂದು ಸೊಸೆಯ ಮುಂದೆ ದೂರು. ದಿಂಬು ಹಾಕಿ, ಕೈ ಊರಿ, ಮೂರು ಸಲ. ಮೂರು ಐದಾಯಿತು. ದಿಂಬು ಹೋಯಿತು. ಮೊದಲ ದೊಡ್ಡ ಗೆಲುವು ಯಾವುದೆಂದರೆ, ಮೂರನೆಯ ವಾರದಲ್ಲಿ ಒಂದು ಸಂಜೆ ಐದು ಗಂಟೆಗೆ ಅವಳಾಗಿ ಚಹ ಕೇಳಿದಳು. ಪಾಯಖಾನೆಯ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಹಾಕಿಸಿದ್ದೆವು. ಅದನ್ನು ಹಿಡಿದು ತಾನೇ ಏಳುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಕೈ ಊರದೆ ಅರ್ಧ ನಿಮಿಷಕ್ಕೆ ನಾಲ್ಕು, ಸಂಕ್ರಾಂತಿಗೆ ಎಂಟು. ಸರಾಸರಿಯ ಗೆರೆ ಮುಟ್ಟಲಿಲ್ಲ, ಆದರೆ ಸೊನ್ನೆಗೂ ಎಂಟಕ್ಕೂ ನಡುವೆ ಇರುವ ದೂರ ನಮ್ಮ ಮನೆಗೆ ಗೊತ್ತು.

ಎದುರು ಮನೆಯ ಮರಾಠಿ ಆಜಿಯೊಬ್ಬರು ಬಾಗಿಲಿನಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ತಮ್ಮ ಕುರ್ಚಿಯನ್ನು ಮೊಮ್ಮಗನ ಕೈಲಿ ಹೊರಿಸಿಕೊಂಡು ಬಂದೇಬಿಟ್ಟರು. ಇವಳಿಗೆ ಅವರ ಮರಾಠಿ ಅರ್ಧ ತಿಳಿಯುತ್ತದೆ. ಅವರಿಗೆ ಇವಳ ಕನ್ನಡ ಏನೂ ತಿಳಿಯದು. ಅವರು "ಉಠಾ" ಎಂದರೆ ಇವಳು ಏಳುತ್ತಾಳೆ, ಇವಳು "ಕೂಡ್ರಿ" ಎಂದರೆ ಅವರು ಕೂರುತ್ತಾರೆ. ಎಣಿಕೆ ಒಂದು ದಿನ ಮರಾಠಿಯಲ್ಲಿ, ಒಂದು ದಿನ ಕನ್ನಡದಲ್ಲಿ. ಎರಡು ವರ್ಷ ಎದುರುಬದುರು ಇದ್ದೂ ಆಗದ ಸ್ನೇಹ ಎರಡು ಕುರ್ಚಿಗಳಿಂದ ಆಯಿತು. ಪರಸ್ಥಳದಲ್ಲಿ ಹಿರಿಯರನ್ನು ಕುರ್ಚಿಗೆ ಕಟ್ಟಿಹಾಕುವುದು ಮೊಣಕಾಲಷ್ಟೇ ಅಲ್ಲ, ಹೊರಗೆ ಮಾತನಾಡಲು ಯಾರೂ ಇಲ್ಲದಿರುವುದೂ ಹೌದು ಎಂದು ನನಗೆ ಆಗ ತೋರಿತು.

ಬಲದ ವಿದ್ಯೆ ನಮ್ಮ ಕನ್ನಡನಾಡಿಗೆ ಹೊಸದಲ್ಲ. ಊರೂರಿಗೆ ಗರಡಿ ಮನೆಗಳಿದ್ದವು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸುತ್ತ, 'ಶಾಂತಲಾ', 'ರೂಪದರ್ಶಿ'ಯಂಥ ಕಾದಂಬರಿಗಳನ್ನೂ ಬರೆದರು. ದೂರದವರಿಗೆ ಅವರು ಅಂಚೆಯ ಮೂಲಕ ಅಂಗಸಾಧನೆಯ ಪಾಠ ಕಳಿಸುತ್ತಿದ್ದರೆಂದು ಓದಿದಾಗ ಅಂಚೆಯವನಾದ ನನಗೆ ಸಹಜವಾಗಿಯೇ ಹೆಮ್ಮೆಯಾಯಿತು. ಆದರೆ ಗರಡಿಯ ಬಾಗಿಲು ತರುಣರಿಗೆ, ಅದರಲ್ಲೂ ಗಂಡಸರಿಗೆ ಮಾತ್ರ ತೆರೆದಿತ್ತು. ಮುದುಕರಿಗೆ ಜಪಮಣಿ, ಮುದುಕಿಯರಿಗೆ ಬತ್ತಿ ಹೊಸೆಯುವುದು ಎಂದು ನಾವು ಹಂಚಿಬಿಟ್ಟೆವು.

ನಮ್ಮ ಹಾಗೆ ಊರು ಬಿಟ್ಟು ಮಹಾರಾಷ್ಟ್ರಕ್ಕೆ ಬಂದ ಒಬ್ಬರು ಈ ಬಾಗಿಲನ್ನು ಬೇರೆ ರೀತಿಯಲ್ಲಿ ತೆರೆದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದವರು ಅಲ್ಲಿಯೇ ನೆಲೆನಿಂತರು. ಬಾಗಲಾರದವರಿಗೆ ಕುರ್ಚಿ, ನಿಲ್ಲಲಾರದವರಿಗೆ ಗೋಡೆ, ಚಾಚಲಾರದವರಿಗೆ ಹಗ್ಗ, ಪಟ್ಟಿ, ಮರದ ಇಟ್ಟಿಗೆ ಎಂದು ಅವರು ಏರ್ಪಾಡು ಮಾಡಿದರು. ಶರೀರ ಆಸನಕ್ಕೆ ಒಗ್ಗದಿದ್ದರೆ ಆಸನವನ್ನು ಶರೀರಕ್ಕೆ ಒಗ್ಗಿಸುವ ದಾರಿ ಅದು. ಎಂಬತ್ತು ದಾಟಿದ ಬೆಲ್ಜಿಯಂ ರಾಜಮಾತೆ ಎಲಿಸಬೆತ್ ಕೂಡ ಅವರಲ್ಲಿ ಕಲಿತರು. 2014ರಲ್ಲಿ, 95ನೆಯ ವಯಸ್ಸಿನಲ್ಲಿ, ಅಯ್ಯಂಗಾರರು ತೀರಿಕೊಂಡರು. ಲೋಕದ ಎಷ್ಟೋ ಊರುಗಳಲ್ಲಿ ಇಂದು ವೃದ್ಧರು ಮಡಿಸುವ ಕುರ್ಚಿಯ ಮೇಲೆ ಯೋಗ ಮಾಡುತ್ತಾರೆಂದರೆ ಅದರಲ್ಲಿ ಈ ವಲಸೆಗಾರರ ಪಾಲು ದೊಡ್ಡದು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಯೋಗವಿಲ್ಲದೆ ಇದೇ ದಾರಿಯಲ್ಲಿ ನಡೆದರು. ಎಂಬತ್ತು ದಾಟಿದ ಹೆಂಗಸರ ಮನೆಗಳಿಗೇ ಹೋಗಿ ಕಾಲಿನ ಬಲಕ್ಕೂ ಸಮತೋಲಕ್ಕೂ ಪಾಠ ಕಲಿಸಿದರು. 1997ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಈ ಪಾಠದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಆಮೇಲೆ ಕೂಡಿಸಿ ನೋಡಿದಾಗ ಬೀಳುವುದು ಸುಮಾರು ಮೂರನೆಯ ಒಂದು ಪಾಲು ತಗ್ಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ, 65 ದಾಟಿದವರು ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲ ಮತ್ತು ಬಲ ಸೇರಿದ ವ್ಯಾಯಾಮ ಮಾಡಬೇಕೆಂದು ಹೇಳಿದೆ. ಬರಿಯ ವಾಕಿಂಗು ಸಾಲದು ಎಂಬುದು ಇದರ ತಾತ್ಪರ್ಯ.

2024ರ ಯುಗಾದಿಗೆ ಅವ್ವನನ್ನು ಊರಿಗೆ ಕರೆದೊಯ್ದೆ. ಮನಮಾಡದಲ್ಲಿ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಾವಿ. ಅದಕ್ಕಾಗಿ ಒಂದು ತಿಂಗಳು ಮೊದಲೇ ಮನೆಯ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಏರುವ ಅಭ್ಯಾಸ ಮಾಡಿಸಿದ್ದೆವು. ಗಾಡಿ ಬಂದಾಗ ಅವಳು ಕೋಲನ್ನು ನನ್ನ ಕೈಗೆ ಕೊಟ್ಟು, ಎರಡೂ ಹಿಡಿಕೆಗಳನ್ನು ಹಿಡಿದು, ಒಂದೊಂದೇ ಮೆಟ್ಟಿಲು ಏರಿದಳು. ನಾನು ಹಿಂದೆ ಕೈಚಾಚಿ ನಿಂತಿದ್ದೆ, ಮುಟ್ಟಬೇಕಾಗಲಿಲ್ಲ. ಊರಿನಲ್ಲಿ ಎರಡು ತಿಂಗಳು ತಮ್ಮನ ಮನೆಯವರ ಜೊತೆಯಲ್ಲಿದ್ದು ಬಂದಳು. ಈಗ ಪ್ರತಿ ವರ್ಷ ಹೋಗಿ ಬರುತ್ತಾಳೆ. ಮೊಣಕಾಲಿನ ಸವೆತ ವಾಸಿಯಾಗಿಲ್ಲ, ಚಳಿಗಾಲದಲ್ಲಿ ನರಳುತ್ತಾಳೆ, ಕೋಲೂ ಬಿಟ್ಟಿಲ್ಲ. ನೆಲಕ್ಕೆ ಕೂರುವುದು ಇನ್ನು ಆಗದು. ಅಭ್ಯಾಸ ಹತ್ತು ದಿನ ತಪ್ಪಿದರೆ ಎಂಟು ಐದಕ್ಕೆ ಇಳಿಯುತ್ತದೆ. ಇದು ಒಮ್ಮೆ ಕಟ್ಟಿದರೆ ಮುಗಿಯುವ ಠೇವಣಿಯಲ್ಲ. ಅಂಚೆ ಕಚೇರಿಯ ಆರ್.ಡಿ. ಖಾತೆಯ ಹಾಗೆ ಕಂತು ತುಂಬುತ್ತಲೇ ಇರಬೇಕು.

ಕೊನೆಯದಾಗಿ ಸಂಘದ ಬಂಧುಗಳಲ್ಲಿ ಒಂದು ಬಿನ್ನಹ. ನಮ್ಮ ಸಭಾಗೃಹಗಳಲ್ಲಿ ಕುರ್ಚಿಗಳಿಗೆ ಕೊರತೆಯಿಲ್ಲ. ಭಜನೆಗೆ, ಉಪನ್ಯಾಸಕ್ಕೆ, ನಾಟಕಕ್ಕೆ ಬರುವ ಹಿರಿಯರಿಗೂ ಕೊರತೆಯಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಹತ್ತು ನಿಮಿಷ, ತಿಳಿದವರೊಬ್ಬರ ಮಾರ್ಗದರ್ಶನದಲ್ಲಿ, ಎಲ್ಲ ಹಿರಿಯರೂ ಕೂಡಿ ಎದ್ದು ಕೂರುವ ಏರ್ಪಾಡು ಮಾಡಬಹುದಲ್ಲವೇ? ನಮ್ಮ ಸದಸ್ಯರಲ್ಲಿ ಫಿಸಿಯೋಥೆರಪಿ ಓದಿದ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಅವರನ್ನು ತಿಂಗಳಿಗೊಮ್ಮೆ ಕರೆಸಿ ಪಾಠ ಸರಿಯಿದೆಯೇ ಎಂದು ನೋಡಿಸಬಹುದು. ಎಣಿಕೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಸಿದರೆ ಮೊಮ್ಮಕ್ಕಳಿಗೆ ಒಂದರಿಂದ ಹತ್ತು ಕಲಿತಂತೆಯೂ ಆಗುತ್ತದೆ.

ಮನೆಯಲ್ಲಿ ಮಾಡುವವರಿಗೆ ಖರ್ಚೇನೂ ಇಲ್ಲ. ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಒಂದು ಕ್ಯಾಲೆಂಡರು, ಪಕ್ಕದಲ್ಲಿ ನಿಲ್ಲುವವರ ಹತ್ತು ನಿಮಿಷ ಸಾಕು. ಇವುಗಳಲ್ಲಿ ಮೊದಲ ಮೂರು ಎಲ್ಲರ ಮನೆಯಲ್ಲೂ ಇವೆ.